ಮನೆಯಲ್ಲೇ ಮಾಡುವ ಹ್ಯಾಲೋವೀನ್: ನಮ್ಮನ್ನು ಪದೇ ಪದೇ ಕೇಳುವ ಪ್ರಶ್ನೆಗಳು

ನಾವು ಇರುವುದು ನ್ಯೂಜೆರ್ಸಿಯ ನಡುಭಾಗದಲ್ಲಿ. ಗಣೇಶನ ಹಬ್ಬ ಮುಗಿಯುತ್ತಿದ್ದಂತೆ ಫೋನು, ಮೆಸೇಜು ಶುರು. "ಈ ಸಲ ಏನು ಮಾಡ್ತಿದ್ದೀರಾ?", "ಆ ದೆವ್ವ ಒಳಗೆ ಏನೂ ಇಲ್ದೆ ಹೇಗೆ ನಿಲ್ಲುತ್ತೆ?", "ಮಗನಿಗೆ ಏನು ವೇಷ ಹಾಕಿಸಲಿ?" ಹೊಸದಾಗಿ ಅಮೆರಿಕಕ್ಕೆ ಬಂದವರದ್ದು ಒಂದು ಥರದ ಪ್ರಶ್ನೆ, ಇಲ್ಲೇ ಬೇರು ಬಿಟ್ಟವರದ್ದು ಇನ್ನೊಂದು ಥರ. ಎಲ್ಲಕ್ಕೂ ಇಲ್ಲಿ ಒಟ್ಟಿಗೆ ಉತ್ತರ ಬರೆದಿದ್ದೇನೆ. ಮನೆಯಲ್ಲಿ ಅತ್ತೆ, ಯಜಮಾನರು, ಮಗಳು, ಮಗ, ನಾನು. ಅಂಗಡಿಯಿಂದ ತಂದದ್ದಕ್ಕಿಂತ ಮನೆಯಲ್ಲಿ ಮಾಡಿದ್ದು, ಹಿತ್ತಲಲ್ಲಿ ಬೆಳೆದದ್ದು ಜಾಸ್ತಿ ಇರಬೇಕು ಅನ್ನುವುದೊಂದೇ ನಮ್ಮ ನಿಯಮ.

ಹ್ಯಾಲೋವೀನ್ ಯಾರ ಹಬ್ಬ? ನಾವು ಮಾಡಬಹುದಾ?

ಅಕ್ಟೋಬರ್ 31ರ ರಾತ್ರಿಯ ಹಬ್ಬ ಇದು. ನವೆಂಬರ್ 1 ಕ್ರೈಸ್ತರಿಗೆ ಸಕಲ ಸಂತರ ದಿನ, ಅದರ ಹಿಂದಿನ ಸಂಜೆ ಇದು. ಅದಕ್ಕಿಂತ ಹಳೆಯ ಬೇರು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಲ್ಟ್ ಜನರದ್ದು. ಸುಗ್ಗಿ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಅವರು ಸೌಇನ್ ಅಂತ ಹಬ್ಬ ಮಾಡುತ್ತಿದ್ದರು. ಆ ರಾತ್ರಿ ಸತ್ತವರು ಈ ಕಡೆ ಬಂದು ಹೋಗುತ್ತಾರೆ ಅಂತ ನಂಬಿಕೆ. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ನಮಗೆ ಇದು ತೀರಾ ಹೊಸದೇನಲ್ಲ.

ಐರ್ಲೆಂಡಿನಲ್ಲಿ ಟರ್ನಿಪ್ ಗೆಡ್ಡೆ ಕೊರೆದು ಒಳಗೆ ದೀಪ ಇಡುತ್ತಿದ್ದರು. 1840ರ ದಶಕದ ಕ್ಷಾಮದಲ್ಲಿ ಗುಳೆ ಎದ್ದು ಅಮೆರಿಕಕ್ಕೆ ಬಂದವರಿಗೆ ಇಲ್ಲಿ ದಪ್ಪ ಕುಂಬಳಕಾಯಿ ಸಿಕ್ಕಿತು. ಗೆಡ್ಡೆ ಕೊರೆಯುವುದಕ್ಕಿಂತ ಅದು ಎಷ್ಟೋ ಸುಲಭ. ಮಕ್ಕಳು ಮನೆ ಮನೆಗೆ ಹೋಗಿ ಮಿಠಾಯಿ ಕೇಳುವ ಪದ್ಧತಿ ಎರಡನೇ ಮಹಾಯುದ್ಧದ ಸಕ್ಕರೆ ರೇಷನ್ನಿನಲ್ಲಿ ಸೊರಗಿತ್ತು. 1947ರಲ್ಲಿ ರೇಷನ್ ತೆಗೆದ ಮೇಲೆ ದೇಶದ ತುಂಬಾ ಜೋರಾಯಿತು.

ಇವತ್ತು ಇದು ಬೀದಿಯ ಹಬ್ಬ. ಸರ್ಕಾರಿ ರಜೆಯೂ ಇಲ್ಲ, ಪೂಜೆಯೂ ಇಲ್ಲ. ವರ್ಷವಿಡೀ ಗ್ಯಾರೇಜ್ ಬಾಗಿಲು ಹಾಕಿಕೊಂಡು ಒಳಗೇ ಇರುವ ಅಕ್ಕಪಕ್ಕದವರು ಬಾಗಿಲು ತೆಗೆದು ನಿಂತು ಮಾತಾಡುವ ಒಂದೇ ರಾತ್ರಿ. ನನಗೆ ಅಷ್ಟೇ ಸಾಕು.

ಮನೆ ಮುಂದೆ ಅಸ್ಥಿಪಂಜರ, ಗೋರಿ ಇಡೋದು ಅಪಶಕುನ ಅಲ್ವಾ? ಅತ್ತೆ ಏನೂ ಅನ್ನಲ್ವಾ?

ಅಂದರು. ಮೊದಲ ಸಲ ಇಲ್ಲಿಗೆ ಬಂದಾಗ ಎದುರುಮನೆಯ ಅಂಗಳದಲ್ಲಿ ಮಣ್ಣಿನಿಂದ ಕೈ ಮೇಲೆ ಬಂದದ್ದು ನೋಡಿ "ರಾಮ ರಾಮ" ಅಂದು ಒಳಗೆ ಹೋದರು. ಆಮೇಲೆ ಅವರೇ ಲೆಕ್ಕ ಹಾಕಿದರು: ಊರಲ್ಲಿ ಹೊಸ ಮನೆ ಕಟ್ಟುವಾಗ ಕೋರೆಹಲ್ಲು, ಕೆಂಪು ನಾಲಿಗೆ ಬಿಟ್ಟ ರಾಕ್ಷಸನ ಮುಖ ನೇತು ಹಾಕುತ್ತೇವೆ. ಬೂದುಗುಂಬಳಕ್ಕೆ ಮೀಸೆ ಬರೆದು ಬಾಗಿಲ ಮೇಲೆ ಕಟ್ಟುತ್ತೇವೆ. ಆಯುಧಪೂಜೆಗೆ ಅದೇ ಬೂದುಗುಂಬಳದ ಒಳಗೆ ಕುಂಕುಮ, ಚಿಲ್ಲರೆ ಹಾಕಿ ರಸ್ತೆ ಮಧ್ಯೆ ಒಡೆಯುತ್ತೇವೆ. ಹೊಲದಲ್ಲಿ ಬೆದರುಬೊಂಬೆ ಇದ್ದೇ ಇದೆ. ವಿಕಾರವಾದದ್ದನ್ನು ಮುಂದೆ ನಿಲ್ಲಿಸಿ ಕೆಟ್ಟದ್ದನ್ನು ಹೆದರಿಸುವುದು ನಮಗೂ ಗೊತ್ತು.

ಆದರೂ ಎರಡು ಕಟ್ಟುಪಾಡು ಇದೆ. ಹೊಸ್ತಿಲು, ತೋರಣ, ರಂಗೋಲಿ ಇರುವ ಜಾಗಕ್ಕೆ ಗೋರಿ ಬರುವಂತಿಲ್ಲ. ಅದೆಲ್ಲ ಹುಲ್ಲಿನ ಅಂಗಳಕ್ಕೆ. ಮತ್ತೆ, ನೆಂಟರಿಷ್ಟರಲ್ಲಿ ಯಾರಾದರೂ ತೀರಿಕೊಂಡ ವರ್ಷ ಗೋರಿ, ಎಲುಬು ಹೊರಗೆ ಬರುವುದಿಲ್ಲ. ಬರೀ ಕುಂಬಳಕಾಯಿ, ಜೋಳದ ದಂಟು. ನಿಮ್ಮ ಮನೆ ಹಿರಿಯರಿಗೆ ಮನಸ್ಸಿಲ್ಲ ಅಂದರೆ ಒತ್ತಾಯ ಮಾಡಬೇಡಿ. ದೆವ್ವ ಇಲ್ಲದ ಅಲಂಕಾರವೂ ಚೆನ್ನಾಗಿಯೇ ಕಾಣುತ್ತದೆ.

ಎಲ್ಲಾ ಅಂಗಡಿಯಲ್ಲಿ ಸಿಗುತ್ತೆ. ಯಾಕೆ ಇಷ್ಟು ಒದ್ದಾಟ?

ಸಿಗುತ್ತದೆ. 2020ರಲ್ಲಿ ಹೋಮ್ ಡಿಪೋ 12 ಅಡಿ ಎತ್ತರದ ಅಸ್ಥಿಪಂಜರವನ್ನೇ ತಂದಿತು, 299 ಡಾಲರ್. ಜನ ಮುಗಿಬಿದ್ದು ಕೊಂಡರು. ನೋಡಲು ನಿಜಕ್ಕೂ ಮಜವಾಗಿದೆ. ನನ್ನ ತಕರಾರು ಬೆಲೆಗಿಂತ ಜಾಸ್ತಿ ಜಾಗದ್ದು. ಒಂದು ರಾತ್ರಿಯ ಹಬ್ಬಕ್ಕೆ ಉಳಿದ ಹನ್ನೊಂದು ತಿಂಗಳು ಆ ಎಲುಬಿನ ರಾಶಿಯನ್ನು ಎಲ್ಲಿ ಇಡುವುದು? ನಮ್ಮ ಗ್ಯಾರೇಜಿನಲ್ಲಿ ಆಗಲೇ ದಸರಾ ಗೊಂಬೆಯ ಮೆಟ್ಟಿಲು, ಎರಡು ಸೈಕಲ್ಲು, ಊರಿಗೆ ಹೋಗುವ ಸೂಟ್‌ಕೇಸುಗಳು ಇವೆ.

ಇನ್ನೊಂದು ವಿಷಯ. ಕೊಂಡು ತಂದ ದೆವ್ವ ನಮ್ಮ ಬೀದಿಯಲ್ಲೇ ನಾಲ್ಕು ಮನೆ ಮುಂದೆ ಇರುತ್ತದೆ. ನಮ್ಮ ಮಗ ಬಣ್ಣ ಬಳಿದ ಗೋರಿ ನಮ್ಮ ಮನೆ ಮುಂದೆ ಮಾತ್ರ.

ಕೆಲಸ ಯಾವಾಗ ಶುರು ಮಾಡ್ತೀರಾ?

ಕುಂಬಳಕಾಯಿ ಬೆಳೆಯುವುದಿದ್ದರೆ ಮೇ ಕೊನೆಗೆ, ತಪ್ಪಿದರೆ ಜೂನ್ ಮಧ್ಯದೊಳಗೆ. ಗೋರಿ, ವೇಷ ಸೆಪ್ಟೆಂಬರ್‌ನಲ್ಲಿ. ಗಂಜಿಯ ದೆವ್ವ ಅಕ್ಟೋಬರ್ ಮಧ್ಯದಲ್ಲಿ. ಕುಂಬಳಕಾಯಿ ಕೊರೆಯುವುದು ಕೊನೆಯ ಮೂರ್ನಾಲ್ಕು ದಿನದಲ್ಲಿ.

ಕುಂಬಳಕಾಯಿ ಹಿತ್ತಲಲ್ಲೇ ಬೆಳೆಯೋಕೆ ಆಗುತ್ತಾ?

ಆಗುತ್ತದೆ, ಜಾಗ ಇದ್ದರೆ. ಬಳ್ಳಿ 10-15 ಅಡಿ ಸಲೀಸಾಗಿ ಹಬ್ಬುತ್ತದೆ. ದೀಪದ ಮುಖ ಕೊರೆಯಲು ನಾವು ಹಾಕುವ ತಳಿ ಹೌಡೆನ್. ಮ್ಯಾಸಚೂಸೆಟ್ಸ್‌ನ ಜಾನ್ ಹೌಡೆನ್ ಅನ್ನುವ ರೈತರು ಆರಿಸಿ ಬೆಳೆಸಿದ ತಳಿ ಅದು. ಕಡು ಕಿತ್ತಳೆ ಬಣ್ಣ, ಗಟ್ಟಿ ತೊಟ್ಟು. ಬಿತ್ತಿದ ಮೇಲೆ ಹೆಚ್ಚುಕಮ್ಮಿ 110-115 ದಿನ ಬೇಕು.

ಮಣ್ಣು ಬೆಚ್ಚಗಾಗದೆ ಬೀಜ ಹಾಕಬೇಡಿ. 65-70 ಡಿಗ್ರಿ ಫ್ಯಾರನ್‌ಹೀಟ್ ಇರಬೇಕು, ಇಲ್ಲದಿದ್ದರೆ ಬೀಜ ಮಣ್ಣಲ್ಲೇ ಕೊಳೆಯುತ್ತದೆ. ಗೊಬ್ಬರ ಬೆರೆಸಿದ ಗುಡ್ಡೆ ಮಾಡಿ ನಾಲ್ಕೈದು ಬೀಜ ಊರಿ, ಎರಡು ಗಟ್ಟಿ ಸಸಿ ಬಿಟ್ಟು ಉಳಿದದ್ದು ಕಿತ್ತುಹಾಕಿ. ಮೊದಲು ಬರುವುದೆಲ್ಲ ಗಂಡು ಹೂವು. "ಹೂ ಬಿಡ್ತಿದೆ, ಕಾಯಿ ಕಚ್ಚುತ್ತಿಲ್ಲ" ಅಂತ ಗಾಬರಿಯಾಗಬೇಡಿ. ಆಮೇಲೆ ಬರುವ ಹೆಣ್ಣು ಹೂವಿನ ಬುಡದಲ್ಲಿ ಗೋಲಿಯಷ್ಟು ಪುಟ್ಟ ಕಾಯಿ ಇರುತ್ತದೆ, ನೋಡಿದರೆ ಗೊತ್ತಾಗುತ್ತದೆ. ಹೂವು ಅರಳುವುದು ಬೆಳಗಿನ ಜಾವ, ಮಧ್ಯಾಹ್ನದ ಹೊತ್ತಿಗೆ ಮುಚ್ಚಿಕೊಳ್ಳುತ್ತದೆ. ಜೇನುನೊಣ ಕಮ್ಮಿ ಅನ್ನಿಸಿದರೆ ಗಂಡು ಹೂವು ಕಿತ್ತು, ಎಸಳು ತೆಗೆದು, ನಡುವಿನ ಪುಡಿಯನ್ನು ಹೆಣ್ಣು ಹೂವಿಗೆ ಸವರಿ. ಶಾಲೆಗೆ ರಜ ಇರುವಾಗ ಮಕ್ಕಳಿಗೆ ಈ ಕೆಲಸ ಬಲು ಇಷ್ಟ. ಉಳಿದ ಗಂಡು ಹೂವನ್ನು ಅತ್ತೆ ಕಡ್ಲೆಹಿಟ್ಟಿನಲ್ಲಿ ಅದ್ದಿ ಬಜ್ಜಿ ಕರಿಯುತ್ತಾರೆ.

ನಿಮ್ಮ ಕಾಯಿ ಮೇಲೆ ಮಕ್ಕಳ ಹೆಸರು ಉಬ್ಬಿ ಬಂದಿರುತ್ತಲ್ಲ, ಅದು ಹೇಗೆ?

ಅಂಟಿಸಿದ್ದಲ್ಲ, ಬೆಳೆಸಿದ್ದು. ಆಗಸ್ಟ್‌ನಲ್ಲಿ ಕಾಯಿ ಸಾಕಷ್ಟು ದಪ್ಪ ಆಗಿರುತ್ತದೆ, ಬಣ್ಣ ಇನ್ನೂ ಹಸಿರು. ಆಗ ಮೊಳೆಯ ತುದಿಯಿಂದ ಸಿಪ್ಪೆಯ ಮೇಲ್ಪದರ ಮಾತ್ರ ಗೀರಿ ಹೆಸರು ಬರೆಯಬೇಕು. ಹಸಿರು ಗೀರಿನಿಂದ ಹನಿ ಹನಿಯಾಗಿ ನೀರು ಒಸರುತ್ತದೆ. ಅದು ತಾನೇ ಒಣಗುತ್ತದೆ, ಒರೆಸಬೇಡಿ. ಕೆಲವೇ ದಿನಕ್ಕೆ ಗೀರು ಬೆಂಡಿನ ಥರ ಕಂದು ಬಣ್ಣಕ್ಕೆ ಗಟ್ಟಿಯಾಗುತ್ತದೆ. ಕಾಯಿ ಊದಿದ ಹಾಗೆ ಅಕ್ಷರವೂ ಅಗಲವಾಗುತ್ತಾ ಹೋಗುತ್ತದೆ. ಕಿತ್ತಳೆ ಬಣ್ಣ ತಿರುಗುವ ಹೊತ್ತಿಗೆ ಬೆರಳು ಆಡಿಸಿದರೆ ಉಬ್ಬು ಸಿಗುತ್ತದೆ.

ಆಳವಾಗಿ ಗೀರಿದರೆ ಕಾಯಿ ಕೊಳೆಯುತ್ತದೆ. ಉಗುರಿನಷ್ಟು ದಪ್ಪದ ಗೆರೆ ಸಾಕು. ಮಳೆ ಬರುವ ದಿನ ಈ ಕೆಲಸ ಬೇಡ. ಕನ್ನಡದ ದುಂಡನೆ ಅಕ್ಷರ ಇದಕ್ಕೆ ಹೇಳಿ ಮಾಡಿಸಿದ ಹಾಗೆ ಕೂರುತ್ತದೆ. ಒತ್ತಕ್ಷರ ಇರುವ ಹೆಸರಾದರೆ ಮಾತ್ರ ಕೆಳಗೆ ಸ್ವಲ್ಪ ಜಾಗ ಜಾಸ್ತಿ ಬಿಡಿ, ಕಾಯಿ ಬೆಳೆದಾಗ ಮೇಲಿನದ್ದು ಕೆಳಗಿನದ್ದು ಕೂಡಿಕೊಳ್ಳುತ್ತದೆ.

ಜಿಂಕೆ, ಅಳಿಲು, ಹುಳ... ಇವನ್ನೆಲ್ಲ ಹೇಗೆ ತಡೀತೀರಾ?

ಜಿಂಕೆಗೆ ಬೇಲಿ ಬಿಟ್ಟು ಬೇರೆ ದಾರಿ ಇಲ್ಲ. ಸೋಪು ಕಟ್ಟಿ, ಖಾರದಪುಡಿ ಎರಚಿ ಅಂತ ಎಲ್ಲರೂ ಹೇಳುತ್ತಾರೆ. ಒಂದು ಮಳೆಗೆ ಎಲ್ಲಾ ಹೋಯಿತು.

ಹುಳದ್ದೇ ದೊಡ್ಡ ಕಾಟ. ಜೂನ್, ಜುಲೈನಲ್ಲಿ ಹಗಲು ಹೊತ್ತೇ ಹಾರಾಡುವ ಕಿತ್ತಳೆ-ಕಪ್ಪು ಬಣ್ಣದ ಒಂದು ಪತಂಗ ಬಳ್ಳಿಯ ಬುಡದಲ್ಲಿ ಮೊಟ್ಟೆ ಇಡುತ್ತದೆ. ಮರಿ ದಂಟಿನ ಒಳಗೆ ಕೊರೆದುಕೊಂಡು ಹೋಗುತ್ತದೆ. ಬುಡದಲ್ಲಿ ಮರದ ಹೊಟ್ಟಿನಂಥ ಪುಡಿ ಕಂಡರೆ, ನೀರು ಹಾಕಿದರೂ ಎಲೆ ಬಾಡಿದರೆ ಅದೇ. ಹೂವು ಬಿಡುವವರೆಗೆ ತೆಳು ಬಟ್ಟೆ ಮುಚ್ಚಿಡುವುದು ಒಳ್ಳೆಯ ಉಪಾಯ. ಹೂವು ಬಂದ ಮೇಲೆ ತೆಗೆಯಲೇಬೇಕು, ಜೇನುನೊಣ ಬರಬೇಕಲ್ಲ. ಆಗಸ್ಟ್‌ನಲ್ಲಿ ಎಲೆ ಮೇಲೆ ಬರುವ ಬಿಳಿ ಬೂದಿ ರೋಗ ನೋಡಲು ಕೆಟ್ಟದಾಗಿದ್ದರೂ ಕಾಯಿ ಅಷ್ಟರಲ್ಲಿ ಬಲಿತಿದ್ದರೆ ಚಿಂತೆ ಇಲ್ಲ.

ಉಗುರು ಒತ್ತಿದರೆ ಸಿಪ್ಪೆ ಒಳಗೆ ಹೋಗಬಾರದು, ಆಗ ಕೊಯ್ಯಿರಿ. ತೊಟ್ಟು ಮೂರು ನಾಲ್ಕು ಇಂಚು ಬಿಡಿ. ತೊಟ್ಟು ಹಿಡಿದು ಎತ್ತಬೇಡಿ, ಮುರಿದರೆ ಅಲ್ಲಿಂದಲೇ ಕೊಳೆ ಶುರುವಾಗುತ್ತದೆ.

ಕೊರೆದ ಕುಂಬಳಕಾಯಿ ಎರಡೇ ದಿನಕ್ಕೆ ಮುದುಡಿ ಹೋಗುತ್ತೆ. ಏನು ಮಾಡೋದು?

ತಡವಾಗಿ ಕೊರೆಯಿರಿ. ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಅಕ್ಟೋಬರ್ ಮೊದಲ ವಾರ ಕೊರೆದಿಟ್ಟರೆ ಹಬ್ಬದ ದಿನಕ್ಕೆ ಹಲ್ಲು ಬಿದ್ದ ಮುದುಕನ ಬಾಯಿ ಆಗಿರುತ್ತದೆ. ಮೇಲೆ ಮುಚ್ಚಳ ಕತ್ತರಿಸುವ ಬದಲು ಅಡಿ ಕತ್ತರಿಸಿ. ಕಾಯಿ ಒಳಗೆ ಬೀಳುವುದಿಲ್ಲ, ದೀಪದ ಮೇಲೆ ಹಾಗೇ ಕವುಚಿ ಇಡಬಹುದು. ಒಳಗಿನ ನಾರು, ತಿರುಳು ಪೂರಾ ಹೆರೆಯಿರಿ, ಗೋಡೆ ಒಂದಿಂಚು ಉಳಿಯಲಿ. ಕತ್ತರಿಸಿದ ಅಂಚಿಗೆ ವ್ಯಾಸಲೀನ್ ಸವರಿದರೆ ಬೇಗ ಒಣಗುವುದಿಲ್ಲ. ಒಳಗೆ ಮೇಣದಬತ್ತಿ ಬೇಡ, ಬ್ಯಾಟರಿ ದೀಪ ಇಡಿ. ಮೇಣದ ಬಿಸಿಗೆ ಕಾಯಿ ಒಳಗೇ ಬೇಯುತ್ತದೆ. ಉದ್ದ ಬಟ್ಟೆಯ ಮಕ್ಕಳು ಓಡಾಡುವ ಜಾಗ ಬೇರೆ.

ಕೊರೆಯಲು ಅಡುಗೆಮನೆಯ ಚಾಕು ಬಳಸಬೇಡಿ, ಜಾರುತ್ತದೆ. ಸಣ್ಣ ಗರಗಸದಂಥದ್ದು ಎಲ್ಲಾ ಕಡೆ ಸಿಗುತ್ತದೆ. ಚಿಕ್ಕ ಮಕ್ಕಳಿಗೆ ಗೆರೆ ಬರೆಯುವ ಕೆಲಸ ಕೊಡಿ, ಕೊರೆಯುವುದು ದೊಡ್ಡವರಿಗೆ ಇರಲಿ.

ಒಳಗೆ ಯಾರೂ ಇಲ್ಲದೆ ನಿಂತ ಆ ಬಿಳಿ ದೆವ್ವ?

ಗಂಜಿ! ಜಾಸ್ತಿ ಜನ ಕೇಳುವುದು ಇದನ್ನೇ. ಸೀರೆಗೆ ಹಾಕುವ ಅದೇ ಗಂಜಿ.

ಬೇಕಾದದ್ದು ಹಳೆಯ ತೆಳು ಹತ್ತಿ ಪಂಚೆ. ಪಾಲಿಯೆಸ್ಟರ್ ಬೆಡ್‌ಶೀಟ್ ಆಗುವುದಿಲ್ಲ, ಗಂಜಿ ಹಿಡಿಯುವುದಿಲ್ಲ. ಟೊಮೇಟೊ ಗಿಡಕ್ಕೆ ಕೊಡುವ ತಂತಿ ಪಂಜರವನ್ನು ತಲೆಕೆಳಗೆ ನಿಲ್ಲಿಸಿ, ಮೇಲೆ ತಲೆಗೆ ಒಂದು ಚೆಂಡು ಕೂರಿಸಿ. ಎರಡು ಕಡೆ ಬಟ್ಟೆ ಹ್ಯಾಂಗರಿನ ತಂತಿ ಬಗ್ಗಿಸಿ ಕೈ ಮಾಡಿ. ಎಲ್ಲದಕ್ಕೂ ಪ್ಲಾಸ್ಟಿಕ್ ಕವರ್ ಸುತ್ತಿ, ಇಲ್ಲದಿದ್ದರೆ ಬಟ್ಟೆ ಅಂಟಿಕೊಂಡು ಬಿಡುತ್ತದೆ. ಅನ್ನದ ಗಂಜಿ ಆದರೆ ಗಟ್ಟಿಯಾಗಿ ಬಸಿದು ಸೋಸಿಕೊಳ್ಳಿ, ಅಗುಳು ಇರಬಾರದು. ಅವಸರ ಇದ್ದರೆ ನಾಲ್ಕೈದು ದೊಡ್ಡ ಚಮಚ ಕಾರ್ನ್‌ಫ್ಲೋರ್ ತಣ್ಣೀರಲ್ಲಿ ಕಲಸಿ, ಒಂದು ಲೀಟರ್ ಕುದಿಯುವ ನೀರಿಗೆ ಹಾಕಿ, ಪಾರದರ್ಶಕ ಆಗುವವರೆಗೆ ತಿರುವಿ.

ಉಗುರುಬೆಚ್ಚಗೆ ಇರುವಾಗ ಪಂಚೆ ಅದ್ದಿ, ಅರ್ಧ ಹಿಂಡಿ, ಪಂಜರದ ಮೇಲೆ ಹೊದಿಸಿ. ಈಗ ನಿಜವಾದ ಕೆಲಸ. ಬೆರಳಲ್ಲಿ ನೆರಿಗೆ ಎಳೆದು ಕೂರಿಸಬೇಕು. ತಲೆಯ ಎರಡು ಪಕ್ಕದಿಂದ ಭುಜಕ್ಕೆ ಇಳಿಯುವ ನೆರಿಗೆ ಚೂಪಾಗಿದ್ದರೆ ಮಾತ್ರ ಮುಖ ಇದ್ದ ಹಾಗೆ ಕಾಣುತ್ತದೆ. ಕೆಳ ಅಂಚನ್ನು ನೆಲಕ್ಕೆ ಅಗಲವಾಗಿ ಹರಡಿ, ದೆವ್ವ ನಿಲ್ಲುವುದು ಅದರ ಮೇಲೆ. ಅತ್ತೆ ಸೀರೆ ನೆರಿಗೆ ಹಿಡಿಯುವ ಕೈಯಲ್ಲೇ ಇದನ್ನು ಹಿಡಿಯುತ್ತಾರೆ, ನಮ್ಮ ಕೈಯಲ್ಲಿ ಹಾಗೆ ಬರುವುದಿಲ್ಲ. ಒಮ್ಮೆ ಈ ಕೆಲಸದ ಮಧ್ಯೆ ಶಿವಮೊಗ್ಗದಿಂದ ಅವರ ತಂಗಿಯ ಫೋನು ಬಂತು. "ಏನ್ ಮಾಡ್ತಿದ್ದೀಯೇ?" "ದೆವ್ವಕ್ಕೆ ಗಂಜಿ ಹಾಕ್ತಿದ್ದೀನಿ ಕಣೇ." ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ.

ಚೆನ್ನಾಗಿ ಬಿಸಿಲಿಗೆ ಒಣಗಿದರೆ ಪಂಜರ ಮೆಲ್ಲಗೆ ಕೆಳಗಿನಿಂದ ಎಳೆದುಕೊಳ್ಳಬಹುದು. ಒಳಗೆ ನೀಲಿ ಬ್ಯಾಟರಿ ದೀಪ ಇಡಿ. ಮಳೆಗೆ ಮಾತ್ರ ಇದು ಒಂದು ಕ್ಷಣವೂ ನಿಲ್ಲುವುದಿಲ್ಲ, ಕುಸಿದು ಬೀಳುತ್ತದೆ. ಚಾವಣಿ ಇರುವ ಜಗಲಿಯಲ್ಲೇ ಇಡಿ. ಹಬ್ಬ ಮುಗಿದ ಮೇಲೆ ನೀರಲ್ಲಿ ನೆನೆಸಿದರೆ ಮತ್ತೆ ಪಂಚೆ.

ಕಲ್ಲಿನ ಗೋರಿ ಹೇಗೆ ಮಾಡ್ತೀರಾ?

ಕಲ್ಲಲ್ಲ, ಗೋಡೆಗೆ ಶಾಖ ತಡೆಯಲು ಹಾಕುವ ಗುಲಾಬಿ ಬಣ್ಣದ ಗಟ್ಟಿ ಫೋಮ್ ಹಲಗೆ. 4 ಅಡಿ, 8 ಅಡಿಯ ಹಾಳೆ ಬರುತ್ತದೆ, ಎರಡಿಂಚು ದಪ್ಪದ್ದು ತನ್ನಿ. ಒಂದು ಹಾಳೆಗೆ ನಾಲ್ಕು ಗೋರಿ ಆರಾಮಾಗಿ ಆಗುತ್ತದೆ. ಸಣ್ಣ ಗರಗಸದಿಂದ ಆಕಾರ ಕತ್ತರಿಸಿ, ಅಂಚನ್ನು ಅಲ್ಲಲ್ಲಿ ಬೆರಳಿಂದ ಮುರಿದರೆ ಹಳೆಯ ಕಲ್ಲಿನ ಹಾಗಾಗುತ್ತದೆ. ಅಕ್ಷರವನ್ನು ಚಾಕುವಿನಿಂದ ಕೊರೆಯಿರಿ.

ಬಣ್ಣ ನೀರಿನದ್ದೇ ಇರಬೇಕು, ಗೋಡೆಗೆ ಹೊಡೆಯುವ ಲೇಟೆಕ್ಸ್ ಬಣ್ಣ. ಸ್ಪ್ರೇ ಡಬ್ಬಿಯ ಬಣ್ಣ ನೇರವಾಗಿ ಹೊಡೆದರೆ ಅದರಲ್ಲಿನ ದ್ರಾವಕ ಫೋಮನ್ನೇ ಕರಗಿಸುತ್ತದೆ. ಮೊದಲು ಪೂರಾ ಬೂದು ಬಣ್ಣ. ಒಣಗಿದ ಮೇಲೆ ಕಪ್ಪು ಬಣ್ಣವನ್ನು ನೀರು ಮಾಡಿ, ಮೇಲಿನ ಅಂಚಿನಿಂದ ಸುರಿದು ತಾನೇ ಇಳಿಯಲು ಬಿಡಿ. ಮಳೆ ನೀರು ಇಳಿದ ಕಲೆ ಹಾಗೇ ಬರುತ್ತದೆ. ಕೊನೆಗೆ ಒಣ ಬ್ರಶ್ಶಿನ ತುದಿಗೆ ಬಿಳಿ ಬೂದು ಬಣ್ಣ ತಾಗಿಸಿ ಉಬ್ಬಿದ ಕಡೆ ಮಾತ್ರ ಸವರಿ.

ಹಗುರ ಇರುವುದರಿಂದ ಗಾಳಿಗೆ ಹಾರಿ ಪಕ್ಕದ ಮನೆಗೆ ಹೋಗುತ್ತದೆ. ಅಡಿಯಿಂದ ಎರಡು ಬಿದಿರು ಕಡ್ಡಿ ಚುಚ್ಚಿ ನೆಲಕ್ಕೆ ಒಂದಡಿ ಇಳಿಸಿ.

ಗೋರಿ ಮೇಲೆ ಏನು ಬರೀಬೇಕು?

ಗುರುತಿನವರ ಹೆಸರು ಬೇಡ, ತಮಾಷೆಗೂ ಬೇಡ. ನಮ್ಮಲ್ಲಿ ಇರುವುದು ಹೀಗೆ: "ಜಿಮ್ ಮೆಂಬರ್‌ಶಿಪ್: ಜನನ ಜನವರಿ 1, ಮರಣ ಜನವರಿ 9". "ಇಲ್ಲಿ ಮಲಗಿದೆ ಶನಿವಾರದ ನಿದ್ದೆ, ಮಕ್ಕಳ ಸಾಕರ್ ಕ್ಲಾಸಿಗೆ ಬಲಿ". ಮಗಳು ಬರೆದದ್ದು: "ಅಮ್ಮನ ತಾಳ್ಮೆ".

ಮುಂಬಾಗಿಲಿಗೆ ಬಿಳಿ ಸೀಮೆಸುಣ್ಣದಲ್ಲಿ "ನಾಳೆ ಬಾ" ಅಂತ ಬರೆಯುತ್ತೇವೆ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ, ಸುತ್ತಿನ ಊರುಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಮನೆಯವರ ದನಿಯಲ್ಲೇ ಕೂಗಿ ಬಾಗಿಲು ಬಡಿಯುವ ದೆವ್ವ, ಈ ಬರಹ ಓದಿ ವಾಪಸ್ ಹೋಗಿ ಮರುದಿನ ಮತ್ತೆ ಬರುತ್ತದೆ, ಮತ್ತೆ ಓದುತ್ತದೆ. ಅಮೆರಿಕದ ಮಕ್ಕಳಿಗೆ ಈ ಕಥೆ ಹೇಳಿದರೆ ಕಣ್ಣು ಬಿಟ್ಟುಕೊಂಡು ಕೇಳುತ್ತಾರೆ. ಕನ್ನಡದವರು ಮಿಠಾಯಿ ಮರೆತು ಬಾಗಿಲ ಫೋಟೊ ತೆಗೆಯುತ್ತಾರೆ.

ಜೇಡರ ಬಲೆ, ಹೊಗೆ?

ಹಿಂಜಿ ಗಿಡಕ್ಕೆ ಹಾಕುವ ಪ್ಯಾಕೆಟ್ ಬಲೆ ಬೇಡ. ಸಣ್ಣ ಹಕ್ಕಿಗಳು ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ದಪ್ಪ ಉಲ್ಲನ್ ದಾರದಲ್ಲಿ ದೊಡ್ಡ ದೊಡ್ಡ ಕಣ್ಣಿನ ಬಲೆ ಹೆಣೆದು ಜಗಲಿ ಒಳಗೆ ಕಟ್ಟಿ.

ಹೊಗೆಗೆ ಒಣ ಐಸ್ ಚೆನ್ನಾಗಿರುತ್ತದೆ, ಬಿಸಿನೀರಿಗೆ ಹಾಕಿದರೆ ಬುಸುಬುಸು ಬರುತ್ತದೆ. ಆದರೆ ಅದು ಮೈನಸ್ 78 ಡಿಗ್ರಿ ಸೆಲ್ಸಿಯಸ್. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಟ್ಟ ಹಾಗಾಗುತ್ತದೆ. ಮುಚ್ಚಳ ಬಿಗಿದ ಡಬ್ಬಿಯಲ್ಲಿ ಇಟ್ಟರೆ ಡಬ್ಬಿ ಸಿಡಿಯುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಬೇಡ, ಬರುವುದು ಕಾರ್ಬನ್ ಡೈಆಕ್ಸೈಡ್. ಚಿಕ್ಕ ಮಕ್ಕಳ ಮನೆಯಲ್ಲಿ ನಾನಂತೂ ಬೇಡ ಅನ್ನುತ್ತೇನೆ.

ಹೊಲಿಗೆ ಮೆಷಿನ್ ಇಲ್ಲ. ವೇಷ ಮಾಡೋಕೆ ಆಗುತ್ತಾ?

ರಟ್ಟಿನ ಪೆಟ್ಟಿಗೆ ಇದೆಯಲ್ಲ! ನಮ್ಮ ಮನೆಯಲ್ಲಿ ಹೆಸರು ಮಾಡಿದ್ದು ಬೆಂಗಳೂರು ಆಟೋ. ಮೈಕ್ರೋವೇವ್ ಬಂದ ಪೆಟ್ಟಿಗೆಯ ಅಡಿ, ಮೇಲು ಎರಡೂ ತೆಗೆದು ಮಗನ ಸೊಂಟಕ್ಕೆ ಬರುವಂತೆ ಮಾಡಿ, ಹಳೆಯ ಬ್ಯಾಗಿನ ಪಟ್ಟಿಯನ್ನು ಹೆಗಲಿಗೆ ಕಟ್ಟಿದೆವು. ಕೆಳಗೆ ಹಸಿರು, ಮೇಲೆ ಹಳದಿ. ಹಳದಿ ಚಾವಣಿಗೆ ಬೇರೆ ರಟ್ಟು ಬಗ್ಗಿಸಿ ನಾಲ್ಕು ಕಡ್ಡಿ ಮೇಲೆ ನಿಲ್ಲಿಸಿದ್ದು. ಮುಂದೆ ಒತ್ತಿದರೆ ಹತ್ತುವ ಎಲ್‌ಇಡಿ ದೀಪ, ಅದೇ ಹೆಡ್‌ಲೈಟು. ಕತ್ತಲಲ್ಲಿ ಮಗ ಕಾರಿನವರಿಗೆ ಕಾಣುವುದಕ್ಕೂ ಅದೇ ಆಯಿತು. ನಂಬರ್ ಪ್ಲೇಟಿಗೆ ಹೊಳೆಯುವ ರಿಫ್ಲೆಕ್ಟರ್ ಪಟ್ಟಿ. ಹಿಂದೆ "ತಾಯಿಯ ಆಶೀರ್ವಾದ", ಪಕ್ಕದಲ್ಲಿ ಹಳದಿ-ಕೆಂಪು ಬಾವುಟ. ಮರುದಿನ ನವೆಂಬರ್ 1, ರಾಜ್ಯೋತ್ಸವ ಅಲ್ವಾ. ಊರಲ್ಲಿ ಆಟೋಗಳೆಲ್ಲ ಬಾವುಟ ಕಟ್ಟಿಕೊಂಡು ಓಡಾಡುವ ಕಾಲ.

ಮಿಠಾಯಿ ಕೇಳುವಾಗ ಅವನ ಡೈಲಾಗು: "ರಾತ್ರಿ ಆಯ್ತು, ಮೀಟರ್ ಮೇಲೆ ಒಂದೂವರೆ ಕೊಡಿ." ಕನ್ನಡದವರ ಮನೆಗಳಲ್ಲಿ ಎರಡೆರಡು ಚಾಕೊಲೇಟು ಸಿಕ್ಕಿತು. ಬಾಗಿಲೊಳಗೆ ಚಾವಣಿ ಹಿಡಿಯದೆ ಇರಲು ಅಗಲ ಮೊದಲೇ ಅಳೆದುಕೊಳ್ಳಿ. ಮೆಟ್ಟಿಲು ಹತ್ತುವಾಗ ಮಗುವಿಗೆ ಕಾಲು ಕಾಣಬೇಕು, ಅದಕ್ಕೆ ಪೆಟ್ಟಿಗೆ ಮೊಣಕಾಲಿಗಿಂತ ಕೆಳಗೆ ಬರಬಾರದು.

ಇನ್ನೂ ಸುಲಭದ್ದು ಬೇಕೆಂದರೆ ಹುಲಿವೇಷ. ಟೋಪಿ ಇರುವ ಹಳದಿ ಸ್ವೆಟ್‌ಶರ್ಟು, ಹಳದಿ ಪ್ಯಾಂಟು, ಕಪ್ಪು ಬಟ್ಟೆ ಬಣ್ಣದಲ್ಲಿ ಪಟ್ಟೆ. ಮಂಗಳೂರಿನ ದಸರಾ ಹುಲಿಗಳ ವಿಡಿಯೊ ನೋಡಿ ಪಟ್ಟೆ ಬರೆಯಿರಿ, ಅವರ ಹೊಟ್ಟೆ ಮೇಲಿನ ಬರವಣಿಗೆಯೇ ಬೇರೆ. ಬಾಲಕ್ಕೆ ಉದ್ದ ಸಾಕ್ಸಿನೊಳಗೆ ಹತ್ತಿ. ಚಳಿಗೂ ಬೆಚ್ಚಗೆ.

ಯಾವ ವೇಷ ಬೇಡ?

ನಮ್ಮ ಮನೆಯಲ್ಲಿ ದೈವದ ವೇಷ ಇಲ್ಲ. ಭೂತಕೋಲ ತುಳುನಾಡಿನವರಿಗೆ ಆರಾಧನೆ, ಕಟ್ಟುವುದಕ್ಕೆ ಅವರದ್ದೇ ಮನೆತನ, ವ್ರತ, ನಿಯಮ ಇದೆ. ಮಿಠಾಯಿ ಚೀಲ ಹಿಡಿದು ಅದನ್ನು ಹಾಕುವುದು ಸರಿಯಲ್ಲ. ಯಕ್ಷಗಾನದ ರಾಕ್ಷಸ ವೇಷ ಬೇರೆ ಮಾತು, ಅದು ಆಟದ ವೇಷ. ಮಗಳಿಗೆ ರಟ್ಟು, ಬಂಗಾರದ ಕಾಗದ, ಕನ್ನಡಿ ಚೂರಿನಂಥ ಸ್ಟಿಕ್ಕರ್ ಅಂಟಿಸಿ ಕಿರೀಟ ಮಾಡಿದ್ದೆವು, ಹಳೆಯ ಚೌಕುಳಿ ಸೀರೆ ಕಚ್ಚೆಗೆ ಬಂತು. ಹಾಗೇ ಇನ್ನೊಬ್ಬರ ಜನಾಂಗವನ್ನು ಅಣಕಿಸುವ, ಮುಖದ ಬಣ್ಣ ಬದಲಿಸುವ ವೇಷ ಬೇಡವೇ ಬೇಡ. ಶಾಲೆಗೆ ಹಾಕಿಕೊಂಡು ಹೋಗುವುದಾದರೆ ಅವರ ನಿಯಮ ಓದಿ. ಕತ್ತಿ, ಗದೆ, ಮುಖವಾಡ ಬಹಳ ಕಡೆ ಬಿಡುವುದಿಲ್ಲ.

ಚಳಿ, ಕತ್ತಲೆ. ಮಕ್ಕಳನ್ನು ಕಳಿಸೋಕೆ ಭಯ ಆಗಲ್ವಾ?

ಭಯ ಪಡಬೇಕಾದದ್ದು ದೆವ್ವಕ್ಕಲ್ಲ, ಕಾರಿಗೆ. ಅಮೆರಿಕದ 1975ರಿಂದ 2016ರವರೆಗಿನ ಅಂಕಿಅಂಶ ನೋಡಿದ ಸಂಶೋಧಕರು, ಹ್ಯಾಲೋವೀನ್ ಸಂಜೆ ಪಾದಚಾರಿಗಳು ಸಾಯುವ ಅಪಾಯ ಆಚೀಚೆ ವಾರದ ಸಂಜೆಗಳಿಗಿಂತ 43% ಜಾಸ್ತಿ ಅಂತ ಕಂಡುಕೊಂಡಿದ್ದಾರೆ. ಇಲ್ಲಿ ಚಳಿಗಾಲಕ್ಕೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. 2007ರಿಂದ ಅದು ಅಕ್ಟೋಬರ್ ಕೊನೆಯಿಂದ ನವೆಂಬರ್‌ಗೆ ಹೋದ ಮೇಲೆ ನಮ್ಮಲ್ಲಿ ಆ ದಿನ ಸೂರ್ಯ ಮುಳುಗುವುದು ಸಂಜೆ 6ರ ಹತ್ತಿರ. ಚಿಕ್ಕವರನ್ನು 5ಕ್ಕೇ ಕರೆದುಕೊಂಡು ಹೊರಡಿ.

ಕಪ್ಪು ವೇಷಕ್ಕೆ ಬೆನ್ನಿಗೂ ಚೀಲಕ್ಕೂ ರಿಫ್ಲೆಕ್ಟರ್ ಪಟ್ಟಿ ಹಚ್ಚಿ, ಕೈಗೆ ಟಾರ್ಚ್ ಕೊಡಿ. ಮುಖವಾಡಕ್ಕಿಂತ ಮುಖಕ್ಕೆ ಬಣ್ಣ ಒಳ್ಳೆಯದು, ಪಕ್ಕಕ್ಕೆ ಕಾಣುತ್ತದೆ. ಬಣ್ಣವನ್ನು ಹಿಂದಿನ ದಿನ ಮುಂಗೈಗೆ ಹಚ್ಚಿ ನೋಡಿ, ಕೆರೆತ ಬಂದರೆ ಬೇಡ. ವೇಷವನ್ನು ಜಾಕೆಟ್ಟಿನ ಮೇಲೆ ಹಾಕುವಷ್ಟು ದೊಗಲೆಯಾಗಿಯೇ ಮಾಡಿ. ಇಲ್ಲದಿದ್ದರೆ ಕಷ್ಟಪಟ್ಟು ಮಾಡಿದ ವೇಷ ಪೂರಾ ಜಾಕೆಟ್ಟಿನೊಳಗೆ ಹೋಗುತ್ತದೆ, ಮಗುವಿನ ಮುಖ ಊದಿಕೊಳ್ಳುತ್ತದೆ.

ದೀಪಾವಳಿ ಅದೇ ದಿನ ಬಂದರೆ?

2024ರಲ್ಲಿ ಬಂತಲ್ಲ, ಅಕ್ಟೋಬರ್ 31ಕ್ಕೇ. ಬೆಳಗ್ಗೆ ಎಣ್ಣೆಸ್ನಾನ, ಸಂಜೆ ಪೂಜೆ ಬೇಗ ಮುಗಿಸಿ 6ಕ್ಕೆ ಬಾಗಿಲು ತೆಗೆದೆವು. ಹೊಸ್ತಿಲ ಹತ್ತಿರ ಹಣತೆ ಬದಲು ಬ್ಯಾಟರಿ ದೀಪ ಇಟ್ಟಿದ್ದೆವು, ಜರಿ ಲಂಗ, ಉದ್ದ ಮೇಲಂಗಿಯ ಮಕ್ಕಳು ಬರುವಾಗ ಬೆಂಕಿ ಬೇಡ ಅಂತ. ನಿಜವಾದ ಹಣತೆ ಹಿಂದಿನ ಡೆಕ್ಕಿನಲ್ಲಿ. ಒಬ್ಬ ಪುಟ್ಟ ಡೈನೋಸಾರ್ ರಂಗೋಲಿ ತುಳಿಯದೆ ಸುತ್ತು ಹಾಕಿ ಬಂದದ್ದು ಅತ್ತೆಗೆ ಬಹಳ ಹಿಡಿಸಿತು, ಒಂದು ಹಿಡಿ ಚಾಕೊಲೇಟ್ ಜಾಸ್ತಿ ಹಾಕಿದರು. ದೀಪಾವಳಿ ಆಮೇಲೆ ಬರುವ ವರ್ಷ ನವೆಂಬರ್ 1ಕ್ಕೇ ಗೋರಿಗಳು ಒಳಗೆ.

ಮನೆಯಲ್ಲಿ ಮಾಡಿದ ಚಕ್ಕುಲಿ, ಬರ್ಫಿ ಹಂಚಬಹುದಾ?

ಗೊತ್ತಿರುವವರಿಗೆ ಧಾರಾಳವಾಗಿ. ಅಪರಿಚಿತ ಮಕ್ಕಳಿಗೆ ಬೇಡ, ಕಟ್ಟು ಒಡೆಯದ ಪ್ಯಾಕೆಟ್ ಅಲ್ಲದ್ದನ್ನು ಅಪ್ಪ ಅಮ್ಮ ಎಸೆದುಬಿಡುತ್ತಾರೆ. ಅಲರ್ಜಿ ಇರುವ ಮಕ್ಕಳಿಗೆ ಪೆನ್ಸಿಲ್, ಸ್ಟಿಕ್ಕರ್, ಬಳೆ ಬೇರೆ ಬುಟ್ಟಿಯಲ್ಲಿ ಇಟ್ಟು, ಹಸಿರು-ನೀಲಿ ಬಣ್ಣ ಬಳಿದ ಕುಂಬಳಕಾಯಿಯನ್ನು ಹೊರಗೆ ಇಡಿ. ತಿಂಡಿಯಲ್ಲದ್ದೂ ಇಲ್ಲಿ ಸಿಗುತ್ತದೆ ಅನ್ನುವ ಗುರುತು ಅದು. ಮಿಠಾಯಿ ಮುಗಿದರೆ ಜಗಲಿ ದೀಪ ಆರಿಸಿ. ದೀಪ ಇಲ್ಲದ ಮನೆಗೆ ಮಕ್ಕಳು ಬರುವುದಿಲ್ಲ.

ಹಿಂದಿನ ರಾತ್ರಿ ಯಾರೋ ಮನೆಗೆ ಮೊಟ್ಟೆ ಹೊಡೆದರು. ನಮ್ಮ ಮೇಲೆ ದ್ವೇಷವಾ?

ಅಲ್ಲ. ಅಕ್ಟೋಬರ್ 30 ನ್ಯೂಜೆರ್ಸಿಯಲ್ಲಿ ತುಂಟಾಟದ ರಾತ್ರಿ. ಹರೆಯದ ಹುಡುಗರು ಮೊಟ್ಟೆ ಎಸೆಯುವುದು, ಮರಕ್ಕೆ ಟಾಯ್ಲೆಟ್ ಪೇಪರ್ ಸುತ್ತುವುದು ಹಳೆಯ ಚಾಳಿ. ಆ ರಾತ್ರಿ ಕುಂಬಳಕಾಯಿ ಒಳಗಿಡಿ. ಮೊಟ್ಟೆಯನ್ನು ಒಣಗುವ ಮೊದಲೇ ನೀರು ಹಾಕಿ ತೊಳೆಯಿರಿ.

ಮಳೆ ಬಂದರೆ ಹಬ್ಬ ಮುಂದಕ್ಕೆ ಹೋಗುತ್ತಾ?

ಸಾಮಾನ್ಯವಾಗಿ ಇಲ್ಲ, ಕೊಡೆ ಹಿಡಿದುಕೊಂಡು ಬರುತ್ತಾರೆ. 2012ರಲ್ಲಿ ಮಾತ್ರ ಸ್ಯಾಂಡಿ ಚಂಡಮಾರುತ ಹೊಡೆದು ಕರೆಂಟಿಲ್ಲ, ರಸ್ತೆ ತುಂಬಾ ಮರ ಬಿದ್ದಿತ್ತು. ಆಗಿನ ಗವರ್ನರ್ ಕ್ರಿಸ್ ಕ್ರಿಸ್ಟಿ ರಾಜ್ಯಕ್ಕೇ ಹ್ಯಾಲೋವೀನನ್ನು ನವೆಂಬರ್ 5ಕ್ಕೆ ಹಾಕಿದ್ದರು.

ಹಬ್ಬ ಮುಗಿದ ಮೇಲೆ ಕುಂಬಳಕಾಯಿ ಏನು ಮಾಡ್ತೀರಾ? ಪಲ್ಯ ಮಾಡಬಹುದಾ?

ಕೊರೆದು ಹೊರಗಿಟ್ಟದ್ದು ತಿನ್ನಬಾರದು. ತುಂಡು ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಕೊರೆಯದೆ ಉಳಿದ ಇಡೀ ಕಾಯಿ ತಿನ್ನಬಹುದು, ಆದರೆ ಹೌಡೆನ್ ನೀರು ನೀರು, ನಾರು ಜಾಸ್ತಿ. ಪಲ್ಯಕ್ಕೆ ಸಪ್ಪೆ. ಹುಳಿಗೆ, ಸಾಸಿವೆಗೆ ನಡೆಯುತ್ತದೆ. ಅಡುಗೆಗೇ ಬೇಕೆಂದರೆ ಚಿಕ್ಕ ಪೈ ಕುಂಬಳ ಬೇರೆ ಹಾಕಿ, ಅದರ ಗಾರಿಗೆ ಬಲು ರುಚಿ.

ಬೀಜ ಬಿಸಾಡಬೇಡಿ. ತೊಳೆದು, ಒಂದು ರಾತ್ರಿ ಒಣಗಿಸಿ, ಎಣ್ಣೆ, ಉಪ್ಪು, ಖಾರದಪುಡಿ, ಚಿಟಿಕೆ ಇಂಗು ಹಚ್ಚಿ ಓವನ್ನಿನಲ್ಲಿ ಹುರಿಯಿರಿ.

ಅದೇ ಬೀಜ ಎತ್ತಿಟ್ಟು ಮುಂದಿನ ವರ್ಷ ಬಿತ್ತಬಹುದಾ?

ಹೌಡೆನ್ ಹೈಬ್ರಿಡ್ ಅಲ್ಲ, ಹಾಗಾಗಿ ಬಿತ್ತಬಹುದು. ಆದರೆ ನಿಮ್ಮ ಅಥವಾ ಪಕ್ಕದವರ ಹಿತ್ತಲಲ್ಲಿ ಜುಕಿನಿ ಇದ್ದರೆ ಜೇನುನೊಣ ಎರಡನ್ನೂ ಬೆರೆಸಿರುತ್ತದೆ, ಎರಡೂ ಒಂದೇ ಜಾತಿ. ಮುಂದಿನ ವರ್ಷ ಉದ್ದುದ್ದ, ಪಟ್ಟೆ ಪಟ್ಟೆಯ ಏನೋ ಒಂದು ಬಿಡಬಹುದು. ಅಲಂಕಾರಕ್ಕೆ ಅಂಥದ್ದೇ ಚೆನ್ನ, ಮಕ್ಕಳು ಅದಕ್ಕೇ ಮೊದಲು ಕಣ್ಣು ಬರೆಯುತ್ತಾರೆ. ಅಡುಗೆಗೆ ಹಾಕುವ ಮೊದಲು ಮಾತ್ರ ಒಂದು ಚೂರು ನಾಲಿಗೆಗೆ ಇಟ್ಟು ನೋಡಿ. ಕಹಿ ಇದ್ದರೆ ಉಗಿದುಬಿಡಿ, ಪೂರಾ ಕಾಯಿ ಎಸೆಯಿರಿ. ಆ ಕಹಿ ಬೇಯಿಸಿದರೂ ಹೋಗುವುದಿಲ್ಲ, ಹೊಟ್ಟೆ ಕೆಡುತ್ತದೆ.